ಹಾಜರಿ ಪುಸ್ತಕದೊಳಗಿನ ಹಾಳೆ

ಮೆಹದಿಪಟ್ಟಣಂ, ಹೈದರಾಬಾದ್
ಸೋಮವಾರ

ನಮ್ಮ ಭಜನಾ ಮಂಡಳಿಯ ಅಧ್ಯಕ್ಷರಾದ ಅಮರೇಶಪ್ಪನವರಿಗೆ ಗುರುಬಾಯಿಯ ಶರಣು.

ನಿನ್ನೆ ಭಜನೆಯಲ್ಲಿ ಹಾಜರಿ ಪುಸ್ತಕದೊಳಗಿದ್ದ ಹಾಳೆಗೂ ಹಾಜರಿಯೆಂದೇ ತಿಳಿದು ಸಹಿ ಹಾಕಿದೆ. ಅದು ಆ ಸನ್ಯಾಸಿನಿಯ ಸಿನಿಮಾ ನಿಲ್ಲಿಸಬೇಕೆಂಬ ಅರ್ಜಿಯಂತೆ. ದಯವಿಟ್ಟು ನನ್ನ ಹೆಸರು ಹೊಡೆದುಹಾಕಿ.

ಐನೂರು ವರ್ಷದ ಹಿಂದಿನ ಭಕ್ತಿಯ ಕಥೆಯೆಂದು ಶನಿವಾರದ ಮ್ಯಾಟಿನಿಗೆ ನಮ್ಮನ್ನೆಲ್ಲ ಕರೆದೊಯ್ದವರು ನೀವೇ. ಆ ಸನ್ಯಾಸಿನಿ ಮಲಗಿದ್ದ ಸೈನಿಕನ ಹಣೆ ಮುಟ್ಟಿದ್ದೇ ತಡ, "ಏಳ್ರಿ ಎಲ್ಲಾರೂ, ಇದನ್ನ ನೋಡಿದ್ರ ಪಾಪ ಬರ್ತೈತಿ" ಎಂದು ನಮ್ಮ ಮಂಡಳಿಯ ಸುವರ್ಣಾ ಕೂಗಿದಳು. ಎಲ್ಲರೂ ಎದ್ದು ಹೋದರು. ನಾನು ಏಳಲಿಲ್ಲ. ನಮ್ಮ ಮನೆಯವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಜ್ವರ ಬಂದರೂ ನನ್ನ ಹಣೆ ಮುಟ್ಟಿ ನೋಡುವವರಿಲ್ಲ.

ಅರ್ಜಿಯಲ್ಲಿ ಮೊದಲ ಸಹಿ ನಿಮ್ಮದು. ಇರಲಿ. ಆದರೆ "ಕೊಡೆ ಮರತೀನಿ, ನೀವು ಮುಂದ ನಡೀರಿ" ಎಂದು ಬಾಗಿಲಲ್ಲಿ ಉಳಿದವರಿಗೆ ಹೇಳಿ ಮತ್ತೆ ಒಳಗೆ ಬಂದವರು, ಹಿಂದಿನ ಸಾಲಿನಲ್ಲಿ ಕೊನೆಯವರೆಗೂ ಕುಳಿತಿದ್ದಿರಿ. ದೀಪ ಹತ್ತಿದಾಗ ನನ್ನನ್ನು ಕಂಡು ತಲೆ ತಗ್ಗಿಸಿ, ಕೊಡೆಯನ್ನು ಸೀಟಿನಲ್ಲೇ ಬಿಟ್ಟು ಹೊರಟುಬಿಟ್ಟಿರಿ.

ಕೊಡೆ ನನ್ನ ಹತ್ತಿರ ಇದೆ. ಅಂದು ಒಂದು ಮಾತು ಆಡಿದ್ದರೆ ಬಸ್‌ಸ್ಟಾಪಿನವರೆಗೆ ಜೊತೆಯಾಗಿ ನಡೆಯಬಹುದಿತ್ತು.

ಇನ್ನು ಮೇಲೆ ಓದಿಯೇ ಸಹಿ ಹಾಕುವ,
ಗುರುಬಾಯಿ