ರೂಢಿ ತಪ್ಪಿದ ಕಂಪ್ಯೂಟರ್

ಅಣ್ಣಾ,

ಭಾನುವಾರ ಬರುತ್ತೇನೆಂದು ಬರೆದಿದ್ದೀಯ. ಅದಕ್ಕೆ ಮೊದಲು ಇದನ್ನು ಓದಿಕೋ.

ಅಮ್ಮನ ಕಚೇರಿಯಲ್ಲಿ ನನ್ನ ಕೆಲಸವೇನೆಂದು ನಿನಗೆ ಗೊತ್ತಲ್ಲ. ಅಲ್ಲಿನ ಒಂದೊಂದು ಕಂಪ್ಯೂಟರಿನ ರೂಢಿಯನ್ನೂ ನಮ್ಮ ಸಾಫ್ಟ್‌ವೇರ್ ಕಲಿತಿರುತ್ತದೆ. ಯಾವುದಾದರೂ ರೂಢಿ ತಪ್ಪಿದರೆ, ವೈರಸ್ ಹೊಕ್ಕಿರಬಹುದೆಂದು ನನ್ನನ್ನು ಎಚ್ಚರಿಸುತ್ತದೆ.

ನಾಲ್ಕು ತಿಂಗಳ ಹಿಂದೆ ಅಮ್ಮನ ಕಂಪ್ಯೂಟರಿನ ಮೇಲೆ ಎಚ್ಚರಿಕೆ ಬರತೊಡಗಿತು. ಒಂದೇ ಫೈಲನ್ನು ದಿನಕ್ಕೆ ಮೂವತ್ತು ಸಲ ತೆರೆಯುವುದು, ಪಾಸ್‌ವರ್ಡ್ ಮತ್ತೆ ಮತ್ತೆ ತಪ್ಪುವುದು. ಎರಡು ಸಲ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟೆ. ವೈರಸ್ ಸಿಗಲಿಲ್ಲ.

"ಸಿಕ್ಕಿದ್ದನ್ನೆಲ್ಲ ಒತ್ತಬೇಡ ಅಂತ ಎಷ್ಟು ಸಲ ಹೇಳ್ಲಮ್ಮಾ?" ಎಂದು ಎಲ್ಲರೆದುರು ರೇಗಿದೆ.

"ನಾನೇನೂ ಮಾಡಿಲ್ಲ ಕಣೇ," ಎಂದಳು.

ಕೊನೆಗೆ ಬೇಸತ್ತು, ಈ ಕಂಪ್ಯೂಟರಿಗೆ ಇದೇ ಮಾಮೂಲು ಎಂದು ಸಾಫ್ಟ್‌ವೇರಿಗೆ ಕಲಿಸಿಬಿಟ್ಟೆ. ಎಚ್ಚರಿಕೆ ನಿಂತಿತು. ನಾನೂ ನಿಶ್ಚಿಂತಳಾದೆ.

ಹೋದ ವಾರ ಅಮ್ಮ ಮನೆಗೆ ಬರುವ ದಾರಿ ತಪ್ಪಿಸಿಕೊಂಡಳು. ಮರೆವಿನ ಕಾಯಿಲೆಯಂತೆ. "ಮುಂಚೆ ಏನಾದ್ರೂ ಬದಲಾವಣೆ ಗಮನಿಸಿದ್ರಾ?" ಎಂದು ಡಾಕ್ಟರು ಕೇಳಿದರು.

ಬರುವಾಗ ಅವಳಿಗೆ ಜಾರದಂಥ ಚಪ್ಪಲಿ ತಾ. ಬಾಗಿಲಲ್ಲೇ ನೀನು ಯಾರೆಂದು ಹೇಳು; ಗುರುತು ಹಿಡಿಯದಿದ್ದರೆ ನೊಂದುಕೊಳ್ಳಬೇಡ. ನಿನ್ನೆ ಅವಳ ಮೇಜಿನ ಡ್ರಾಯರ್ ಖಾಲಿ ಮಾಡಿದೆ. ಪಾಸ್‌ವರ್ಡ್ ಮರೆಯಬಾರದೆಂದು ಬರೆದಿಟ್ಟುಕೊಂಡ ಹದಿನೇಳು ಚೀಟಿಗಳಿದ್ದವು. ಹದಿನೇಳರಲ್ಲೂ ನೀನು ಚಿಕ್ಕವನಿದ್ದಾಗ ಅವಳು ನಿನ್ನನ್ನು ಕರೆಯುತ್ತಿದ್ದ ಹೆಸರೇ ಇದೆ.

ನಿನ್ನ ತಂಗಿ