ಚಾಟಿ ನಿಲ್ಲಿಸುವವರು

ಡಿಸ್ಕವರಿ ಗಾರ್ಡನ್ಸ್, ದುಬೈ
12 ಅಕ್ಟೋಬರ್ 2024

ಪ್ರೀತಿಯ ದುರ್ಗಣ್ಣನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರ. ಇಲ್ಲಿ ನಾವೆಲ್ಲ ಕ್ಷೇಮ. ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ನೀನು ಫೋನ್ ಮೇಲೆ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಬೈದುಕೊಳ್ಳಬೇಡ. ಬಾಯಲ್ಲಿ ಹೇಳಲು ಹೊರಟರೆ ಅತ್ತುಬಿಡುತ್ತೇನೆ. ಅದಕ್ಕೇ ಬರೆದು, ಊರಿಗೆ ಹೊರಟಿರುವ ಗುಣಪಾಲರ ಕೈಗೆ ಕೊಡುತ್ತಿದ್ದೇನೆ.

ರಾಜ್ಯೋತ್ಸವಕ್ಕೆ ಚಾಟಿ ಹೊಡೆದುಕೊಳ್ಳುವ ದುರ್ಗಮುರ್ಗಿಯವರನ್ನು ಕರೆಸೋಣ ಎಂದು ನಮ್ಮ ಕನ್ನಡ ಸಂಘದವರು ಅಂದಾಗ ನಾನು ಸುಮ್ಮನಿದ್ದೆ. ನಾನೂ ಅದೇ ಮನೆಯ ಮಗಳು ಎಂಬುದು ಇಲ್ಲಿ ನಮ್ಮೆಜಮಾನರು ಸುಮಂತ್‌ಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸಂಘದ ಅಧ್ಯಕ್ಷ ದ್ವಾರಕನಾಥರು ಊದ್ ಮೇಥಾದ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ, ಕರೆಸುವ ಮೊದಲು ಒಮ್ಮೆ ಆಟ ನೋಡೋಣವೆಂದು ವಿಡಿಯೋ ಕಾಲ್ ಹಚ್ಚಿದರೆ, ಪರದೆಯ ಮೇಲೆ ನೀನು!

ನೀನು ಚಾಟಿ ಬೀಸಿದೆ, ಇವರು ಚಪ್ಪಾಳೆ ತಟ್ಟಿದರು. ಊರಲ್ಲಾದರೆ ಮನೆಯಾಕೆ ಮೊರದಲ್ಲಿ ಅಕ್ಕಿ ತಂದು ಸಾಕಪ್ಪ ಎನ್ನುತ್ತಾಳೆ, ಅಪ್ಪ ಅಲ್ಲಿಗೆ ನಿಲ್ಲಿಸುತ್ತಿದ್ದ. ಇಲ್ಲಿ ಆ ಪದ್ಧತಿ ಯಾರಿಗೆ ಗೊತ್ತು? ಚಪ್ಪಾಳೆ ನಿಲ್ಲಲಿಲ್ಲ, ನೀನೂ ನಿಲ್ಲಿಸಲಿಲ್ಲ. ತೋಳಲ್ಲಿ ರಕ್ತ ಬಂತು. ಯಾರೋ ಅದು ಬಣ್ಣವಿರಬೇಕು ಎಂದರು. ಎದ್ದು ನಿಂತು, "ಸಾಕು, ನಿಲ್ಸು" ಎಂದು ಕೂಗಿದೆ. ನೀನು ಚಾಟಿ ಇಳಿಸಿದೆ.

ಕಾಲ್ ಮುಗಿದ ಮೇಲೆ, ಅವನು ನನ್ನ ಒಡಹುಟ್ಟಿದ ಅಣ್ಣ ಎಂದು ಎಲ್ಲರೆದುರೇ ಹೇಳಿದೆ. ಮೊದಲೇ ಹೇಳಬಾರದಿತ್ತೇ ತಾಯಿ ಎಂದರು ದ್ವಾರಕನಾಥರು. ನನ್ನ ಪಕ್ಕ ಕೂತಿದ್ದಾಕೆ ಕಾಫಿ ಲೋಟ ಎತ್ತಿಕೊಂಡು ಬೇರೆ ಕುರ್ಚಿಗೆ ಹೋದಳು. ಹೋಗಲಿ, ನನ್ನ ಗಂಟೇನು ಹೋಯಿತು!

ಇಲ್ಲಿ ವೇದಿಕೆಯ ಮೇಲೆ ರಕ್ತ ಬರುವಂತಿಲ್ಲ, ಸದ್ದಷ್ಟೇ ಬಂದರೆ ಸಾಕು ಎನ್ನುತ್ತಿದ್ದಾರೆ ಸಂಘದವರು. ಮೈಗೆ ಬೀಳದ ಚಾಟಿ ಮಾರಮ್ಮನಿಗೆ ಮಾಡುವ ಮೋಸ ಎಂದು ನೀನು ಹಟ ಹಿಡಿಯುತ್ತೀಯ, ನನಗೆ ಗೊತ್ತಿಲ್ಲವೇ? ಹಾಗಾದರೆ ಕುಣಿಯಲೇಬೇಡ. ಟಿಕೆಟ್ ನಾವು ಕಳಿಸುತ್ತೇವೆ, ಹಿತಾಳ ಸೋದರಮಾವನಾಗಿ ಬಾ. "ಮೈ ಮಾಮಾ ಈಸ್ ಕಮಿಂಗ್" ಎಂದು ಅವಳು ಈಗಲೇ ಬಿಲ್ಡಿಂಗಿಗೆಲ್ಲ ಸಾರಿಬಿಟ್ಟಿದ್ದಾಳೆ. ತೋಳಿಗೆ ಅರಿಸಿನ ಹಚ್ಚಿ ಸುಮ್ಮನಾಗಬೇಡ, ಡಾಕ್ಟರಿಗೆ ತೋರಿಸು.

ಆ ತಾಯಿ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಚೆಲುವಮ್ಮ

ಮತ್ತೊಂದು ಮಾತು: ಚಾಟಿ ಇಳಿಸಿದವನು ನನ್ನ ಮುಖ ನೋಡಿ, "ಆಯ್ತು ಮೇಡಂ" ಅಂದೆಯಲ್ಲ. ಅಷ್ಟು ಜನರ ಮುಂದೆ ನನ್ನ ಮಾನ ಉಳಿಸಲು ಹಾಗಂದೆ ಎಂದು ಗೊತ್ತು. ಆದರೂ ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಆ ಮಾತು ಅಷ್ಟು ಸಲೀಸಾಗಿ ನಿನ್ನ ಬಾಯಿಗೆ ಬಂತಲ್ಲ ಅಣ್ಣ, ಎಷ್ಟು ದಿನದಿಂದ ಅದನ್ನು ಒಳಗಿಟ್ಟುಕೊಂಡಿದ್ದೆ ನೀನು?