ಗೌರಿ ಹಬ್ಬದ ದಿನ ನೀನು ಬಸ್ಸಿಳಿದದ್ದು

ಚಾಮರಾಜಪೇಟೆ, ಬೆಂಗಳೂರು
೧೮ ಫೆಬ್ರವರಿ ೨೦೨೫

ಅಮ್ಮಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲಾ ಅದನ್ನೂ ಯಾರಿಗೋ ಕೊಟ್ಟಾಯಿತಾ? ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ “ಊಟ ಆಯ್ತಾ, ನಿದ್ದೆ ಬರ್ತಿದ್ಯಾ” ಎಂದು ವಾರ್ಡಿನಲ್ಲಿ ವಿಚಾರಿಸುವ ಹಾಗೆ ವಿಚಾರಿಸಿ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಪೂರ್ತಿ ಓದು.

ಭಾನುವಾರ ನಿನಗೆ ಸನ್ಮಾನವಿತ್ತು. ಹಿಂದಿನ ದಿನ ಬೆಳಿಗ್ಗೆಯೇ ನೀನು, ಸೊಣ್ಣಪ್ಪನ ಹೆಂಡತಿಗೆ ಲಕ್ವ ಹೊಡೆದಿದೆ, ಮಗ್ಗುಲು ಬದಲಿಸುವವರಿಲ್ಲ ಎಂದು ಬ್ಯಾಗು ಹಿಡಿದು ಮಾಲೂರಿಗೆ ಹೊರಟುಬಿಟ್ಟೆ. ಸೊಣ್ಣಪ್ಪ ನಮಗೇನಾಗಬೇಕು? ಅವನು ಅಕ್ಕಿಪೇಟೆಯಲ್ಲಿ ಮೂಟೆ ಹೊರುತ್ತಿದ್ದ ಕಾಲದಲ್ಲಿ ಅವನ ಮಕ್ಕಳಿಗೆ ನೀನು ಸೂಜಿ ಹಾಕಿದ್ದೆ, ಅಷ್ಟೆ. ಇಲ್ಲಿ ನಮ್ಮ ಬೀದಿಯ ಸಂಘದ ಓಬಳಪ್ಪನವರು ಬಾಗಿಲಿಗೆ ಬಂದು, “ಹಾಲ್ ಬುಕ್ ಆಗಿದೆ, ಜನ ಬರ್ತಾರೆ, ಅಮ್ಮನ ಜಾಗದಲ್ಲಿ ನೀವೇ ಕೂತ್ಕೊಂಡ್ಬಿಡಿ ಮೋನಿಷಾ” ಎಂದು ಕೈಮುಗಿದರು. ಕೂತೆ. ಮನೆಯಲ್ಲಿ ನಿನ್ನ ಜಾಗ ತುಂಬಿ ನನಗೆ ಹದಿನೈದನೇ ವಯಸ್ಸಿನಿಂದಲೂ ಅಭ್ಯಾಸವಿದೆ.

ಒಬ್ಬರಾದ ಮೇಲೊಬ್ಬರು ಮಾತಾಡಿದರು. ಆಸ್ಪತ್ರೆಯಿಂದ ರಿಟೈರಾದ ಮೇಲೂ ನಮ್ಮ ಜಗುಲಿಯಲ್ಲಿ ನೀನು ಬೀದಿಯವರಿಗೆಲ್ಲ ಬಿ.ಪಿ. ನೋಡಿದ್ದು, ಟಿ.ಬಿ. ಮಾತ್ರೆ ನುಂಗಿಸಲು ಓಣಿ ಓಣಿ ಅಲೆದದ್ದು, ಕೊರೊನಾದಲ್ಲಿ ಹೆತ್ತ ಮಕ್ಕಳೇ ಮುಟ್ಟದ ಮುದುಕರಿಗೆ ಗಂಜಿ ಕುಡಿಸಿದ್ದು. ಎಲ್ಲವೂ ನಿಜ. ನನಗೆ ಹೊಸದೇನೂ ಇರಲಿಲ್ಲ, ಕೊನೆಯವಳು ಮೈಕ್ ಹಿಡಿಯುವವರೆಗೆ.

ಚೈತನ್ಯಾ ಎಂಬ ಹುಡುಗಿ. ಕಾಲೇಜಿನವಳು. “ನಾನು ಹುಟ್ಟಿದ್ದು ಕಲಾಸಿಪಾಳ್ಯ ಬಸ್ ಸ್ಟ್ಯಾಂಡಲ್ಲಿ, ಇಪ್ಪತ್ತು ವರ್ಷದ ಹಿಂದೆ, ಗೌರಿ ಹಬ್ಬದ ದಿನ. ನಮ್ಮಮ್ಮ ನೋವು ತಡೀಲಾರದೆ ಬಾಳೆಕಂದಿನ ರಾಶಿ ಪಕ್ಕ ಬಿದ್ಬಿಟ್ಟಿದ್ರಂತೆ. ಬಸ್ಸಲ್ಲಿ ಹೋಗ್ತಿದ್ದ ಅಂಜಮ್ಮನೋರು ನೋಡಿ ಇಳಿದ್ರಂತೆ. ‘ಮನೇಲಿ ನಮ್ಮೆಜಮಾನ್ರಿಗೆ ಹುಷಾರಿಲ್ಲ, ಹೋಗ್ಬೇಕು’ ಅಂತ ಹೇಳ್ತಾನೇ ಇದ್ರಂತೆ. ಆದ್ರೂ ನಾನು ಅಳೋವರೆಗೂ ಬಿಟ್ಟು ಹೋಗ್ಲಿಲ್ವಂತೆ.” ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅದೇ ಗೌರಿ ಹಬ್ಬದ ದಿನ ಅಪ್ಪ ಎದೆ ಹಿಡಿದುಕೊಂಡು ನಡುಮನೆಯಲ್ಲಿ ಮಲಗಿದ್ದರು. ನಾನು ನಿನ್ನ ವಾರ್ಡಿಗೆ ಫೋನ್ ಮಾಡಿದೆ. “ಈಗ್ಲೇ ಹೊರಟೆ ಕಣೇ” ಎಂದೆ ನೀನು. ಪಕ್ಕದ ಮನೆಯ ವರದರಾಜ ಮಾವ ಆಟೋ ತಂದು ನಿಲ್ಲಿಸಿದರೂ ಅಪ್ಪ ಏಳಲಿಲ್ಲ. “ಅಂಜಮ್ಮ ಬರ್ಲಿ, ಅವಳು ನೋಡಿ ಹೇಳ್ಲಿ.” ಡಾಕ್ಟರಿಗಿಂತ ನಿನ್ನ ಮೇಲೇ ಅವರಿಗೆ ನಂಬಿಕೆ. ನೀನು ಬರುವಷ್ಟರಲ್ಲಿ ಅವರ ಕಾಲು ತಣ್ಣಗಾಗಿತ್ತು. ನಿನ್ನ ಬಿಳಿ ಸೀರೆಯ ಮೇಲೆ ರಕ್ತವಿತ್ತು; ಆಸ್ಪತ್ರೆಯದು ಅಂದುಕೊಂಡೆ. “ಬಸ್ ಸಿಗ್ಲಿಲ್ಲ” ಎಂದೆ ನೀನು. ಇಷ್ಟು ವರ್ಷ ನಾನು ಈ ಊರಿನ ಬಸ್ಸುಗಳನ್ನು ಶಪಿಸಿಕೊಂಡು ಬದುಕಿದೆ ಅಮ್ಮಾ.

ವೇದಿಕೆಯ ಮೇಲೆ ಎದ್ದು ಆ ಹುಡುಗಿಯ ಕೈಯಿಂದ ಮೈಕ್ ಕಿತ್ತುಕೊಂಡೆ. “ಆ ಯಜಮಾನ್ರು ನಮ್ಮಪ್ಪ ಆಂಜಿನಯ್ಯ. ಅವತ್ತೇ ತೀರ್ಕೊಂಡ್ರು. ಕಾಯ್ತಾ ಕಾಯ್ತಾ ತೀರ್ಕೊಂಡ್ರು. ಈಗ ತಟ್ಟಿ ಚಪ್ಪಾಳೆ.” ಓಬಳಪ್ಪನವರು ನೆಲ ನೋಡುತ್ತಾ ನಿಂತರು. ಚೈತನ್ಯಾ ಆಮೇಲೆ ಮೆಟ್ಟಿಲ ಹತ್ತಿರ ಅಳುತ್ತಾ ನನ್ನ ಕಾಲಿಗೆ ಬೀಳಲು ಬಂದಳು. “ಏಳು, ಹುಟ್ಟಿದ್ದು ನಿನ್ ತಪ್ಪಲ್ಲ” ಎಂದೆ. ಅವಳ ಮೇಲೆ ನನಗೆ ಕೋಪವಿಲ್ಲ. ಅವಳ ತಾಯಿಯನ್ನು ಅಲ್ಲೇ ಬಿಟ್ಟು ಬಂದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವೇನೋ, ಅದೂ ಗೊತ್ತು. ನೀನು ಇಳಿದದ್ದನ್ನು ಎಂದಾದರೂ ಕ್ಷಮಿಸಿಯೇನು. ಸುಳ್ಳು ಹೇಳಿದ್ದನ್ನು ಹೇಗೆ ಕ್ಷಮಿಸಲಿ? ತಿಥಿ ಮುಗಿಯುತ್ತಲೇ ನೀನು ಡ್ಯೂಟಿಗೆ ಹೋದೆ. ಒಂದು ದಿನ, ಒಂದೇ ಒಂದು ದಿನ ನನ್ನ ಪಕ್ಕ ಕೂತು ಅಳಲಿಲ್ಲ. ಊರಿಗೆಲ್ಲ ನೀನು ಅಮ್ಮ, ನನಗೆ ಮಾತ್ರ ನರ್ಸು.

ಶಾಲು ನಿನ್ನ ಬೀರುವಿನಲ್ಲಿದೆ. ಹಣ್ಣಿನ ಬುಟ್ಟಿಯನ್ನು ಹಾಲ್ ಗುಡಿಸುವವಳಿಗೆ ಕೊಟ್ಟೆ. ಸೊಣ್ಣಪ್ಪನ ಹೆಂಡತಿಗೆ ಬೇಗ ಗುಣವಾಗಲಿ. ಅವಳ ಮೇಲಿನ ಮಮತೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ.

ಇಂತಿ, ನೀನು ಹೆತ್ತ ತಪ್ಪಿಗೆ ನಿನ್ನ ಮಗಳು,
ಮೋನಿಷಾ

ಅಂದಹಾಗೆ, ಮುಂದಿನ ವಾರ ಗುರುವಾರ ನನಗೆ ಆಪರೇಷನ್. ಗರ್ಭಕೋಶ ತೆಗೆಯುತ್ತಾರಂತೆ, ಗಡ್ಡೆ ಎಂಥದ್ದೆಂದು ಆಮೇಲೆ ಹೇಳುತ್ತಾರಂತೆ. ನಿನಗೆ ತಿಳಿಸಬಾರದೆಂದೇ ಇದ್ದೆ. ಅಲ್ಲಿ ಒಳ್ಳೆಯ ನರ್ಸುಗಳಿದ್ದಾರೆ, ಆ ಕೆಲಸಕ್ಕೆ ನೀನು ಬೇಕಿಲ್ಲ. ಸೊಣ್ಣಪ್ಪನ ಮನೆಗೆ ಬೇರೆ ಯಾರನ್ನಾದರೂ ಗೊತ್ತುಮಾಡಿ ಬುಧವಾರ ಸಂಜೆಯೊಳಗೆ ಬಂದುಬಿಡು. ನನಗೆ ಭಯವಾಗುತ್ತಿದೆ.